ಬಳೆ ತೆಗೆಸಿ ಕೇಳಿದ ಅಳು

ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹದಿನೇಳನೆಯ ಇಸವಿ

ಸುಮಿತ್ರಾ,

ನಿನ್ನನ್ನು ಹೇಗೆ ಕರೆಯಬೇಕೆಂದು ತಿಳಿಯದೆ ಬರೀ ಹೆಸರು ಹಿಡಿದಿದ್ದೇನೆ. ನೀನು ನನಗೆ ಏಳು ತಲೆಮಾರಿನ ಹಿಂದಿನ ಅಜ್ಜಿ. ಆದರೆ ಈ ಕಾಗದ ಕೈಸೇರುವ ಹೊತ್ತಿಗೆ ನಿನಗಿನ್ನೂ ಇಪ್ಪತ್ತೊಂದು. ನನಗೆ ಐವತ್ತು ದಾಟಿದೆ. ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತೆಂದು ಗಾಬರಿಯಾಗಬೇಡ. ತಿಂಗಳುಗಳೆಲ್ಲ ಒಂದೇ ಅಳತೆಗಿರಲಿ ಎಂದು ನಮ್ಮವರು ತಿದ್ದಿಕೊಂಡರು. ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ. ನಿನ್ನ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳಿಂದ ಕಲಿತೆ. ಎಲ್ಲಾದರೂ ವಾರ್ತೆ ಓದಿದಂತೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಮುಂದೆ ಈಗ ಎರಡು ವಿಶ್ವವಿದ್ಯಾಲಯಗಳಿವೆ ಎಂದು ಮನೆಯ ಮಾತಿನಲ್ಲಿ ಹರಿದು ಬಂದಿದೆ. ಒಂದು, ಭಾಷಾಶಾಸ್ತ್ರಕ್ಕೆ ಹೆಸರಾದ ದೂರದ್ದು. ಗಾಜಿನ ಕಟ್ಟಡ, ಗೋಡೆಗೆಲ್ಲ ಸ್ಪಂಜು ಹೊದಿಸಿದ ಧ್ವನಿಮುದ್ರಣದ ಕೋಣೆ. ಇನ್ನೊಂದು ವಿಜಯಪುರದ ಕಡೆಯ ನಿಮ್ಮ ತಾಂಡಾದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ್ದು. ಅಲ್ಲಿನ ತೌಲನಿಕ ಸಾಹಿತ್ಯ ವಿಭಾಗದಲ್ಲಿ ಇರುವವರು ಇಬ್ಬರೇ ಮೇಷ್ಟ್ರು, ಫಲಿತಾಂಶ ಎಂದೂ ಹೊತ್ತಿಗೆ ಬಾರದು. ದೂರದ ಬೆಟ್ಟ ನುಣ್ಣಗೆ, ಹಿತ್ತಲ ಗಿಡ ಮದ್ದಲ್ಲ ಎಂದು ಎರಡೂ ಗಾದೆಗಳನ್ನು ನಿನ್ನ ಮನೆಯವರು ಆಗಲೇ ಆಡಿ ಮುಗಿಸಿರಬೇಕು.

ನನ್ನ ಕೆಲಸವೂ ಇದೇ ಕಣೆ. ನಮ್ಮಲ್ಲಿ ಯಾರು ಎಲ್ಲಿ ಓದಬೇಕೆಂದು ಹೊಂದಿಕೆಯಂತ್ರ ಹೇಳುತ್ತದೆ. ಅದು ಹೇಳಿದ್ದನ್ನು ಹುಡುಗ ಹುಡುಗಿಯರಿಗೆ ನೋವಾಗದಂತೆ ತಿಳಿಸುವುದು ನನ್ನ ಪಾಲು. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು (ಜೋಳ ಇನ್ನೂ ಇದೆ, ಸಮಾಧಾನ ಮಾಡಿಕೋ) ನೆರಳುಬೀದಿ ಹಿಡಿದು ಹೋಗುತ್ತೇನೆ. ಬಿಸಿಲಿಗೆ ಅಂಜಿ ಊರಿಗೆಲ್ಲ ಚಪ್ಪರ ಹಾಕಿದ ಬೀದಿಗಳಿಗೆ ಆ ಹೆಸರು. ದಿನವಿಡೀ ಮಕ್ಕಳ ಸಪ್ಪೆ ಮುಖ ನೋಡಿ, ಅದೇ ನೆರಳಿನಲ್ಲಿ ಮನೆಗೆ ಬರುತ್ತೇನೆ. ಸಾಕಾಗಿದೆ. ಆರಿಸುವ ಕಷ್ಟವಾದರೂ ನಿನಗಿದೆಯಲ್ಲ ಎಂದು ಕೆಲವೊಮ್ಮೆ ಹೊಟ್ಟೆಕಿಚ್ಚಾಗುತ್ತದೆ.

ನಿನಗಿದು ಇನ್ನೂ ಆಗಬೇಕಾದ್ದು, ನನಗೆ ಆಗಿಹೋದದ್ದು: ನೀನು ದೂರದ್ದನ್ನೇ ಆರಿಸಿದೆ. ತಪ್ಪೆನ್ನಲಾರೆ, ಅಲ್ಲಿ ಚೆನ್ನಾಗಿ ಓದಿದೆ. ಎರಡನೆಯ ವರ್ಷ ನಿನ್ನ ಅಜ್ಜಿ ಸೋಮ್ಲಿಬಾಯಿಯನ್ನು ಆ ಸ್ಪಂಜಿನ ಕೋಣೆಗೆ ಕರೆದೊಯ್ದು ಢಾವಲೊ ಹಾಡಿಸಿದೆ. ಲಂಬಾಣಿ ಮದುಮಗಳು ತವರು ಬಿಡುವಾಗ ಒಬ್ಬೊಬ್ಬರ ಕೊರಳು ತಬ್ಬಿ ಅಳುತ್ತ ಹಾಡುವ ಆ ಹಾಡನ್ನು ನಿನಗೆ ನಾನು ವಿವರಿಸಬೇಕಿಲ್ಲ. ನನಗೆ ಮಾತ್ರ ಅದು ನಿಘಂಟಿನ ಎರಡು ಸಾಲು, ಮತ್ತೆ ಅಂದಿನ ಆ ಧ್ವನಿಮುದ್ರಿಕೆ.

ಮುದ್ರಿಕೆ ನಮ್ಮ ಮಾತುಕಣಜದಲ್ಲಿದೆ. ಹಳೆಯ ದನಿಗಳನ್ನೆಲ್ಲ ತುಂಬಿಟ್ಟ ಉಗ್ರಾಣ ಅದು. ಮೊದಲು ಒಬ್ಬ ಗಂಡಸಿನ ದನಿ: "ಅಜ್ಜಿ, ಬಳೆ ತೆಗೆದಿಡಿ, ಸದ್ದು ಬರ್ತಿದೆ." ಮೊಣಕೈ ದಾಟಿ ತೋಳಿನವರೆಗೂ ಬಳೆ ತೊಟ್ಟ ಮುದುಕಿ ಕೇಳುತ್ತಾಳೆ: "ನನ್ನ ಗಂಡ ಬದಕ್ಯಾನ್ರೀ. ಬಳಿ ಯಾಕ ತಗೀಲಿ?" ಬಳೆಗಳನ್ನು ಒಂದೊಂದಾಗಿ ಮೇಜಿನ ಮೇಲಿಡುವ ಸದ್ದು ಕೇಳುತ್ತದೆ. ಆಮೇಲೆ ಹಾಡು, ತೊಳೆದಿಟ್ಟಷ್ಟು ಸ್ವಚ್ಛ. ನಾಲ್ಕು ಸಾಲಿಗೆ ಅವಳು ನಿಲ್ಲಿಸುತ್ತಾಳೆ. "ಯಾರ ಕೊಳ್ಳಿಗಿ ಬಿದ್ದು ಅಳಲ್ರೀ? ಈ ಗ್ವಾಡಿ ತಬ್ಬಲೇನು?" ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ. ನಿನ್ನ ನಗುವೂ ಅದರಲ್ಲಿದೆ, ಸುಮಿತ್ರಾ.

ಆ ನಾಲ್ಕು ಸಾಲು ನಮಗೆ ಬಾಯಿಪಾಠ. ರಾಗ, ಉಸಿರು ಎಲ್ಲ ಅಳೆದಿಟ್ಟಿದ್ದಾರೆ. ತಬ್ಬಿಸಿಕೊಂಡವರು ಏನು ಮಾಡುತ್ತಾರೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಅವರೂ ಹಾಡುತ್ತಾರೋ, ಸುಮ್ಮನೆ ಬೆನ್ನು ಸವರುತ್ತಾರೋ? ಕೈ ಬಿಡಿಸಿ ಹುಡುಗಿಯನ್ನು ಮುಂದಿನವರ ಕಡೆ ಕಳಿಸುವವರು ಯಾರು?

ಇದೆಲ್ಲ ಈಗ ನನಗೇಕೆ ಬೇಕೆಂದರೆ, ನಾಳೆ ಬೆಳಿಗ್ಗೆ ನನ್ನ ಮಗಳು ದೇವ್ಲಿ ಹೊರಡುತ್ತಾಳೆ. ಯಂತ್ರ ಅವಳಿಗೆ ಸಮುದ್ರದಾಚೆಯ ವಿಶ್ವವಿದ್ಯಾಲಯವನ್ನು ಹೇಳಿದೆ. ಅಲ್ಲಿಗೆ ಹೋದವರು ಬೇಗ ಮರಳುವುದಿಲ್ಲ. ನಮ್ಮಲ್ಲಿ ಮದುವೆಯಾಗಿ ಯಾರೂ ಮನೆ ಬಿಡುವುದಿಲ್ಲ. ಓದಲು ಹೋಗುವವರೇ ಬಿಡುವವರು. ಅವಳೋ ಹಟಮಾರಿ. "ಯಾಡಿ, ನಾ ಢಾವಲೊ ಅಳಕೋತನ ಹೋಗಾಕಿ. ನೀ ಏನ್ ಮಾಡಬೇಕಂತ ಕೇಳಿ ಇಟ್ಕೋ" ಎಂದಿದ್ದಾಳೆ. ಯಾಡಿ ಎಂದರೆ ತಾಯಿ. ನಮ್ಮ ಮನೆಯಲ್ಲಿ ಉಳಿದಿರುವ ನಿಮ್ಮ ಮಾತು ಅದೊಂದೇ. ಯಾರನ್ನು ಕೇಳಲಿ? ನನಗೆ ಭಯವಾಗುತ್ತಿದೆ. ಕೊರಳಿಗೆ ಬಿದ್ದ ಮಗಳ ಮುಂದೆ ನಾನು ಆ ಗೋಡೆಯಂತೆ ನಿಂತುಬಿಟ್ಟರೆ?

ಇಲ್ಲಿ ಓದು, ಅಲ್ಲಿ ಓದಬೇಡ ಎಂದು ನಾನು ಹೇಳುವುದಿಲ್ಲ. ಜೀವನವಿಡೀ ಅದನ್ನೇ ಹೇಳಿ ನಾಲಿಗೆ ಸೋತಿದೆ. ಹೋಗಿ ಎರಡೂ ಕಡೆಯ ಮೇಷ್ಟ್ರನ್ನು ಒಂದು ಮಾತು ಕೇಳು: ಹಾಡುವವಳ ಬಳೆ ಸದ್ದು ಮಾಡಿದರೆ ಏನು ಮಾಡುತ್ತೀರಿ? ಅವರ ಉತ್ತರ ಕೇಳಿದ ಮೇಲೆ ನಿನಗೇ ತಿಳಿಯುತ್ತದೆ. ಈ ಬೇಸಿಗೆಯಲ್ಲಿ ನಿನ್ನ ಅಕ್ಕನ ಮದುವೆ ಇದೆ. ಅವಳು ನಿನ್ನ ಕೊರಳಿಗೆ ಬಿದ್ದಾಗ ಫೋನು ಕೆಳಗಿಟ್ಟು ಎರಡೂ ಕೈಯಿಂದ ತಬ್ಬಿಕೋ. ಅತ್ತು ಮುಗಿದ ಮೇಲೆ, ನೀನೇನು ಮಾಡಿದೆ ಎಂದು ನಿನ್ನ ಮಗಳಿಗೆ ಹೇಳು. ಅವಳು ಅವಳ ಮಗಳಿಗೆ ಹೇಳಲಿ.

ಬೆಳಗಾಗುವುದರೊಳಗೆ ಅದು ನನ್ನ ತನಕ ಬಂದರೆ ನನ್ನ ಪುಣ್ಯ. ಬಾರದಿದ್ದರೂ ನಾನು ಬಾಗಿಲಲ್ಲಿ ಕೈಚಾಚಿ ನಿಂತಿರುತ್ತೇನೆ. ಎಲ್ಲೆಲ್ಲಿಂದಲೋ ಬಳೆ ಹುಡುಕಿ ತಂದು ತೋಳಿನವರೆಗೂ ತೊಟ್ಟಿದ್ದೇನೆ. ಸದ್ದಾದರೆ ಆಗಲಿ.

ನಿನ್ನ ಬಳ್ಳಿಯ ಕುಡಿ,
ಹೀರೂಬಾಯಿ