ಸದ್ದಿಲ್ಲದ ಹನ್ನೊಂದು ನಿಮಿಷ

ಮೇಲ್ಬಂದರು
ಇಸವಿ ೨೨೧೪, ಫೆಬ್ರವರಿ ಮೂವತ್ತು

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ತಾರೀಕು ನೋಡಿ ಇವಳಿಗೆ ಲೆಕ್ಕ ತಪ್ಪಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಮಳೆಗಾಲಕ್ಕೆ ಮೊದಲು ಬರುತ್ತವೆ. ಆಗ ಯಾರೂ ದೋಣಿ ಇಳಿಸುವುದಿಲ್ಲ. ನೀವು ಬಿಟ್ಟುಹೋದ ಬರಹ ಓದಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಎಲ್ಲಾದರೂ ಒರಟಾಗಿ ಕೇಳಿಸಿದರೆ ಮನ್ನಿಸಿ. ಮನ್ನಿಸಬೇಕಾದ್ದು ಇನ್ನೂ ಇದೆ.

ನಾನು ಹೊನ್ನಮ್ಮ ಹರಿಕಂತ್ರ, ಈ ಊರಿನ ಹಲಗೆಗಾರ್ತಿ. ಹಲಗೆ ಎಂದರೆ ನೀವು ಟ್ಯಾಬ್ಲೆಟ್ ಎನ್ನುತ್ತಿದ್ದಿರಲ್ಲ, ಅದು. ಹೊಸದನ್ನು ಈಗ ಯಾರೂ ಮಾಡುವುದಿಲ್ಲ. ಊರಿಗೊಂದೇ ಇದೆ, ಒಳಗಿನದ್ದನ್ನು ಬಿಚ್ಚಿ ಜೋಡಿಸಿ ಬದುಕಿಸಿಕೊಂಡಿದ್ದೇವೆ. ಸಮುದ್ರ ಏರಿದ ಮೇಲೆ ಗುಡ್ಡ ಹತ್ತಿದ ಊರು ನಮ್ಮದು. ಬೆಳಗ್ಗೆ ಹೆಂಗಸರು ಮೆಟ್ಟಿಲಿಳಿದು ಬಲೆ ಕೊಡುತ್ತಾರೆ, ಸಂಜೆ ಮೀನು ಹೊತ್ತು ಮೇಲೆ ಬರುತ್ತಾರೆ. ಘಟ್ಟದ ಮೇಲಿನ ಗೋಪುರದಿಂದ ದಿನವೂ ಗಾಳಿನಕ್ಷೆ ಬರುತ್ತದೆ. ಎಲ್ಲಿ ಬಿರುಗಾಳಿ ಎದ್ದಿದೆ, ಯಾವ ಕಡೆ ತಿರುಗಿದೆ ಎಂದು ಅದು ತೋರಿಸುತ್ತದೆ. ಅದನ್ನು ಹಲಗೆಯಲ್ಲಿ ಬಿಡಿಸಿ ಓದಿ, ಕೊಂಬು ಊದಿಸಿ ದೋಣಿಗಳಿಗೆ ತಿಳಿಸುವುದು ನನ್ನ ಕೆಲಸ.

ಹಲಗೆಯ ತುಂಬ ನೀವೇ ಇದ್ದೀರಿ. ಒಂದೇ ದೋಸೆಯ ಹದಿನೇಳು ಚಿತ್ರ. ಶುಭೋದಯ ಎಂದು ಬರೆದ ಗುಲಾಬಿ ಹೂಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಯಾರದೋ ಮದುವೆಯಲ್ಲಿ ಬೆರಳು ಅಡ್ಡ ಬಂದು ಕಪ್ಪಾದ ಚಿತ್ರಗಳು. ಹಿರಿಯರದ್ದನ್ನು ಮುಟ್ಟಬಾರದು ಎಂಬುದು ಊರಿನ ಕಟ್ಟಳೆ. ನಾನೂ ಅದನ್ನು ದೇವರ ಮಾತಿನಂತೆ ನಂಬಿದ್ದೆ.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಗಾಳಿನಕ್ಷೆ ಅರ್ಧಕ್ಕೇ ನಿಂತಿತು. ಹಲಗೆಯಲ್ಲಿ ಜಾಗವಿಲ್ಲ. ಹದಿನಾರು ದೋಣಿಗಳು ನೀರಿನಲ್ಲಿದ್ದವು, ಪಡುವಣ ದಿಕ್ಕು ಸೀಸದ ಬಣ್ಣಕ್ಕೆ ತಿರುಗಿತ್ತು. ಗುಲಾಬಿ ಹೂಗಳನ್ನು ಅಳಿಸಿದ್ದರೆ ಸಾಕಿತ್ತು. ಕಟ್ಟಳೆಗೆ ಹೆದರಿ ನಮ್ಮ ಕಾಲದವರು ತುಂಬಿಸಿದ್ದರಲ್ಲೇ ಹುಡುಕಿದೆ. ಹೆಸರಿಲ್ಲದ, ಬರೀ ಅಂಕಿ ಹೊತ್ತ ಒಂದು ದೊಡ್ಡ ಚಲಚಿತ್ರ ಸಿಕ್ಕಿತು, ಹನ್ನೊಂದು ನಿಮಿಷದ್ದು. ತೆರೆದೆ. ಯಾವಳೋ ಒಬ್ಬಳು ಹೆಂಗಸು ಕೂತು ಕೈ ಆಡಿಸುತ್ತಿದ್ದಳು, ಸದ್ದೇ ಇರಲಿಲ್ಲ. ಕೆಟ್ಟುಹೋಗಿದೆ ಅಂದುಕೊಂಡೆ. ಪೂರ್ತಿ ನೋಡುವ ತಾಳ್ಮೆಯಿರಲಿಲ್ಲ. ಅಳಿಸಿದೆ. ನಕ್ಷೆ ಬಂತು, ಕೊಂಬು ಊದಿದರು, ಹದಿನಾರೂ ದೋಣಿ ದಡ ಸೇರಿದವು. ಆ ರಾತ್ರಿ ಊರವರು ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಹೋದ ವರ್ಷ ತುಳಸು ಬಂದಳು. ದೋಣಿಗೆ ಕೀಲೆಣ್ಣೆ ಬಳಿಯುವ ಬೊಮ್ಮುವಿನ ಮಗಳು, ಹದಿನಾರು ತುಂಬಿದ ಹುಡುಗಿ. ಹೊಸ ಸೀರೆ ಉಟ್ಟಿದ್ದಳು.

“ಹೊನ್ನಕ್ಕ, ನನ್ನ ಅಬ್ಬೆ ನಂಗೆ ಹೇಳಿ ಹೋದದ್ದು ಹಲಗೆಲಿ ಇದ್ಯಂತೆ. ಹದಿನಾರಕ್ಕೆ ತೋರ್ಸಿ ಅಂದಿದ್ಲಂತೆ. ನೋಡ್ಲಾ?”

ಅವಳ ತಾಯಿ ದೇಮಿ ಹುಟ್ಟು ಕಿವುಡಿ, ಮಾತಿಲ್ಲದವಳು. ಕೈಯಲ್ಲೇ ಮಾತಾಡುತ್ತಿದ್ದಳು, ಆ ಕೈಮಾತು ಅವರ ಮನೆಯೊಳಗೇ ಹುಟ್ಟಿದ್ದು, ಗಂಡ ಮಗಳನ್ನು ಬಿಟ್ಟರೆ ಯಾರಿಗೂ ತಿಳಿಯದು. ಎದೆಯ ಕಾಯಿಲೆಯಲ್ಲಿ ತೀರಿಕೊಳ್ಳುವ ಮೊದಲು ಹಳೆಯ ಹಲಗೆಗಾರನನ್ನು ಕೇಳಿ, ನಾಲ್ಕು ವರ್ಷದ ಮಗಳಿಗಾಗಿ ಆ ಹನ್ನೊಂದು ನಿಮಿಷ ತುಂಬಿಸಿದ್ದಳು. ಅವಳು ಸತ್ತ ಮರುವರ್ಷ ನಾನು ಈ ಊರಿಗೆ ಬಂದೆ. ಹಳೆಯವನು ನನಗೆ ಹೇಳದೆಯೇ ತೀರಿಕೊಂಡ.

ನನ್ನ ಬಾಯಿಂದ ಬಂದದ್ದು ಸುಳ್ಳು. “ಹಲಗೆ ಒಮ್ಮೆ ಕೆಟ್ಟಿತ್ತು ಮಗಾ. ಆಗ ಹೋಗಿರ್ಬೇಕು.”

ಅವಳು ನನ್ನ ಕೈ ಹಿಡಿದುಕೊಂಡಳು. “ಬೇಜಾರು ಮಾಡ್ಕಬೇಡಿ ಹೊನ್ನಕ್ಕ. ಯಂತ್ರ ತಾನೇ.”

ಅವಳು ನನ್ನನ್ನು ಸಮಾಧಾನ ಮಾಡಿದಳು! ಒಂಬತ್ತು ದಿನ ಅನ್ನ ಸೇರಲಿಲ್ಲ. ಹತ್ತನೆಯ ದಿನ ಅವರ ಮನೆಗೆ ಹೋಗಿ, ಬೊಮ್ಮುವಿನ ಎದುರಿಗೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತುಳಸು ಎದ್ದು ಹಿತ್ತಲಿಗೆ ಹೋದಳು. ದೇಮಿ ಏನು ಹೇಳಿದ್ದಳು ಎಂದು ಬೊಮ್ಮುವನ್ನು ಕೇಳಿದೆ.

“ನಂಗೆ ಹೊರಗೆ ಕೂರು ಅಂದ್ಲು,” ಅಂದ ಆತ. “ಇದು ಅಬ್ಬೆ ಮಗಳ ಮಾತು ಅಂದ್ಲು. ನಾನು ಬಾಗ್ಲು ಹಾಕಿ ಜಗಲಿ ಮೇಲೆ ಕೂತಿದ್ದೆ.”

ಹಾಗಾದರೆ ಅದನ್ನು ಕಂಡ ಜೀವ ಭೂಮಿಯ ಮೇಲೆ ನಾನೊಬ್ಬಳೇ. ಕಂಡದ್ದು ನಾಲ್ಕೈದು ಕ್ಷಣ.

ತುಳಸು ಬಾಗಿಲಲ್ಲಿ ಬಂದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು. “ನೀವು ನೋಡಿದ್ದೇನು? ಮಾಡಿ ತೋರ್ಸಿ.”

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಬಲಗೈ ಮುಷ್ಟಿಯಿಂದ ಎಡ ಅಂಗೈಗೆ ಎರಡು ಸಲ ತಟ್ಟಿದೆ. ತೋರುಬೆರಳನ್ನು ಎಡ ಹುಬ್ಬಿನ ಮೇಲೆ ಎಳೆದೆ. ಆಮೇಲಿನದ್ದು ನೆನಪಾಗಲಿಲ್ಲ.

ಬೊಮ್ಮು ಮಗಳ ಮುಖ ನೋಡಿದ. ತುಳಸುವಿನ ಎಡ ಹುಬ್ಬಿನಲ್ಲಿ ಸಣ್ಣ ಗಾಯದ ಕಲೆ ಇದೆ, ನಡೆಯಲು ಕಲಿಯುವಾಗ ಒರಳಿಗೆ ಬಿದ್ದದ್ದು. ದೇಮಿಯ ಕೈಮಾತಿನಲ್ಲಿ ಅದೇ ಮಗಳ ಹೆಸರು.

“ಉಂಡ್ಯಾ ತುಳಸು?” ಅಂದ ಬೊಮ್ಮು. “ಅದೇ ಕೇಳಿದ್ದು ಅವ್ಳು. ಉಂಡ್ಯಾ ಅಂತ.”

ತುಳಸು ಅದನ್ನು ತನ್ನ ಕೈಯಲ್ಲಿ ಮಾಡಿ ನೋಡಿದಳು, ಮತ್ತೆ ಮತ್ತೆ ಮಾಡಿದಳು. ತಾಯಿ ಹೋದ ಮೇಲೆ ಆ ಮನೆಯಲ್ಲಿ ಕೈಮಾತು ನಿಂತುಹೋಗಿತ್ತು. ಆ ಸಂಜೆ ಅಪ್ಪ ಮಗಳು ನೆನಪಿದ್ದಷ್ಟನ್ನು ಹೆಕ್ಕುತ್ತ ಕೂತರು. ನಾನು ಎದ್ದು ಬಂದೆ. ಹನ್ನೊಂದು ನಿಮಿಷದಲ್ಲಿ ಉಳಿದದ್ದು ಯಾರಿಗೂ ಸಿಗುವುದಿಲ್ಲ. ತುಳಸು ನನ್ನನ್ನು ಬೈದಿಲ್ಲ, ಕ್ಷಮಿಸಿದೆ ಎಂದೂ ಹೇಳಿಲ್ಲ. ಕೇಳಲು ನನಗೂ ಬಾಯಿಲ್ಲ.

ಊರ ಸಭೆಯಲ್ಲಿ ನಿಂತು ಎಲ್ಲ ಒಪ್ಪಿಕೊಂಡೆ. ಕಟ್ಟಳೆ ಸಡಿಲಿಸಿದರು. ಈಗ ನಿಮ್ಮದನ್ನು ಅಳಿಸುವ ಅಧಿಕಾರ ನನಗಿದೆ. ಒಂದೊಂದನ್ನೂ ಕೊನೆಯವರೆಗೆ ನೋಡಿಯೇ ಅಳಿಸುತ್ತೇನೆ. ಗುಲಾಬಿಗಳು ಮೂರು ಸಾವಿರ ಹೋದವು. ಹಾಗೆ ಹೋದವುಗಳಲ್ಲಿ ಒಂದನ್ನು ಯಾರೋ ಸಾಯುವ ಹಿಂದಿನ ದಿನ ಯಾರಿಗೋ ಕಳಿಸಿದ್ದರೇ? ನೋಡಿದರೂ ನನಗೆ ಗೊತ್ತಾಗುವುದಿಲ್ಲ. ನಿಮಗೂ ನಾನು ಎಷ್ಟು ಅನ್ಯಾಯ ಮಾಡಿದ್ದೇನೋ.

ಅದಕ್ಕೇ ಬೇಡಿಕೊಳ್ಳುತ್ತೇನೆ. ನಿಮ್ಮ ಹಲಗೆ ತುಂಬಿದಾಗ ಒಂದು ಹಗಲು ಬಿಡುವು ಮಾಡಿಕೊಂಡು ನೀವೇ ಕೂತು ಅಳಿಸಿ. ಉಳಿಸಿಕೊಂಡದ್ದರ ಕೆಳಗೆ ಇದು ಯಾರು, ಯಾರಿಗಾಗಿ ಎಂದು ಒಂದು ಸಾಲು ಬರೆದಿಡಿ. ಈ ಕೆಲಸವನ್ನು ನಿಮ್ಮನ್ನು ಎಂದೂ ಕಾಣದವರ ಕೈಗೆ ಬಿಡಬೇಡಿ. ಆ ಕೈ ನನ್ನದಾಗಿರುತ್ತದೆ.

ನಿಮ್ಮ ತಪ್ಪಿತಸ್ಥೆ,
ಹೊನ್ನಮ್ಮ