ಮಗಳ ಮನೆಗೆ ಹತ್ತಿರದ ರೆಸಾರ್ಟ್

ರನ್‌ಕಾರ್ನ್, ಬ್ರಿಸ್ಬೇನ್
16 ಆಗಸ್ಟ್ 2016

ಪ್ರೀತಿಯ ಮೈಥಿಲಿಗೆ,

ನಾವಿಲ್ಲಿ ಕ್ಷೇಮ. ಅಡಿಲೇಡಿನ ಚಳಿಯಲ್ಲಿ ನಿನ್ನ ಮಂಡಿ ಹೇಗಿದೆ? ನೀನು ಎರಡು ಸಲ ಫೋನು ಮಾಡಿ "ಹೇಗಿತ್ತೇ ನಿಮ್ಮ ಕ್ಯಾಸಿನೊ ಹನಿಮೂನು?" ಎಂದು ಕೇಳಿದೆ. ಎರಡು ಸಲವೂ "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಮಾತು ಮರೆಸಿಬಿಟ್ಟೆ. ಒಂದು ಕೇಳಿದರೆ ಹತ್ತು ಹೇಳುವ ನಾನು ಹೀಗಂದಾಗಲೇ ನಿನಗೆ ಅನುಮಾನ ಬಂದಿರಬೇಕು. ತಪ್ಪು ತಿಳಿಯಬೇಡ. ಫೋನಿನಲ್ಲಿ ಮಾತಾಡಿದರೆ ಪಕ್ಕದ ಕೋಣೆಯಲ್ಲಿರುವ ಇವರ ಕಿವಿಗೆ ಬೀಳುತ್ತದೆ. ಬರೆಯೋಣವೆಂದರೆ ಹಬ್ಬ ಅಡ್ಡ ಬಂತು. ಹೋದ ಶುಕ್ರವಾರ ವರಮಹಾಲಕ್ಷ್ಮಿಗೆ ನಮ್ಮ ಬೀದಿಯ ಕನ್ನಡದ ಹುಡುಗಿಯರೆಲ್ಲ ಬಂದಿದ್ದರು. ಅರಿಶಿನ ಕುಂಕುಮ ಕೊಟ್ಟೆ, ಕೋಸಂಬರಿ ಹಂಚಿದೆ, ನಗುತ್ತಲೇ ಇದ್ದೆ. ಎಲ್ಲರೂ ಹೋದ ಮೇಲೆ ಕಳಶದ ಮುಂದೆ ಕೂತು ಅತ್ತೆ. ಅದಕ್ಕೇ ಇವತ್ತು ಇವರು ಡ್ಯೂಟಿಗೆ ಹೊರಟ ಕೂಡಲೇ ಪೆನ್ನು ಹಿಡಿದಿದ್ದೇನೆ. ಹಾಸ್ಟೆಲಿನ ರಜೆಗಳಲ್ಲಿ ನಿನಗೆ ಬರೆಯುತ್ತಿದ್ದ ಹಾಗೇ ಬರೆಯುತ್ತೇನೆ, ಹಿಂದುಮುಂದಾದರೆ ಬೈಯಬೇಡ.

ಪೂರ್ವಿ ನಮ್ಮ ಅಭಿನವನನ್ನು ಮದುವೆಯಾಗಿ ಪರ್ತ್ ಸೇರಿ ನಾಲ್ಕು ವರ್ಷವಾಯಿತಲ್ಲ, ಅವಳೇ ಇಲ್ಲಿಗೆ ಬಂದು ಹೋಗುತ್ತಿದ್ದಳೇ ಹೊರತು ನಾವು ಒಮ್ಮೆಯೂ ಹೋಗಿರಲಿಲ್ಲ. ಕಾರಣ ಇವರ ಆ ಹಟ. ಕನ್ಯಾದಾನ ಮಾಡಿಕೊಟ್ಟ ಮನೆಯಲ್ಲಿ ಮೊಮ್ಮಗು ಹುಟ್ಟುವ ತನಕ ಹೆಣ್ಣು ಹೆತ್ತವರು ಒಂದಗುಳು ತಿನ್ನಬಾರದಂತೆ. ನಮ್ಮ ಮಾವ ಶ್ರೀಕಂಠಯ್ಯನವರು ಮಗಳ ಮನೆಗೆ ಹೋದರೆ ನೀರನ್ನೂ ಮುಟ್ಟದೆ, ಬೀದಿ ಕೊನೆಯ ಹೋಟೆಲಿನಲ್ಲಿ ಇಡ್ಲಿ ತಿಂದು ಬರುತ್ತಿದ್ದರಂತೆ. ಇವರು ಸಂಧ್ಯಾವಂದನೆ ಬಿಟ್ಟು ಯಾವ ಕಾಲವಾಯಿತೋ. ಇಪ್ಸ್‌ವಿಚ್‌ನಲ್ಲಿ ದಿನವೆಲ್ಲ ಮುರಿದ ಮೂಳೆ ಕೂಡಿಸುವ ಡಾಕ್ಟರು, ಜನಿವಾರ ವರ್ಷಕ್ಕೊಮ್ಮೆ ನೆನಪಾದರೆ ಹೆಚ್ಚು. ಆದರೆ ಇದೊಂದನ್ನು ಮಾತ್ರ ಬಿಡಲಿಲ್ಲ. "ಅಪ್ಪನ ಕಡೆಯಿಂದ ಉಳಿದಿರೋದು ಇದೊಂದೇ ಕಣೇ ಅಹಲ್ಯಾ, ಇದನ್ನೂ ಬಿಟ್ರೆ ನಾನು ಯಾರು?" ಎನ್ನುತ್ತಾರೆ. ಸಿಟ್ಟಿನಿಂದಲ್ಲ, ನಗುನಗುತ್ತಲೇ ಹೇಳುತ್ತಾರೆ. ಪೂರ್ವಿ ಫೋನು ಮಾಡಿದಾಗಲೆಲ್ಲ, "ನನ್ನನ್ನ ಬೇಗ ತಾತನ್ನ ಮಾಡು ಮರಿ, ಬಾಕಿ ಇರೋ ಊಟಾನೆಲ್ಲ ಒಟ್ಟಿಗೇ ಮಾಡ್ತೀನಿ" ಎಂದು ತಮಾಷೆ. ಅವಳೂ ನಗುತ್ತಿದ್ದಳು. ಈಚೆಗೆ ನಗುತ್ತಿರಲಿಲ್ಲ ಅನ್ನುವುದು ನನಗೆ ಈಗ ಹೊಳೆಯುತ್ತಿದೆ.

ಜೂನಿನಲ್ಲಿ ಒಂದು ದಿನ ಅವಳು ನನಗೊಬ್ಬಳಿಗೇ ಫೋನು ಮಾಡಿದಳು. "ಅಮ್ಮಾ, ಪ್ಲೀಸ್, ಒಂದ್ಸಲ ಬನ್ನಿ. ಅಪ್ಪನ್ನ ಕರ್ಕೊಂಡ್ ಬಾ. ಒಂದೇ ಒಂದು ದಿನ ನಮ್ಮನೇಲಿ ಕೂತ್ಕೊಂಡು ಊಟ ಮಾಡಿ, ದಟ್ಸ್ ಆಲ್ ಐ ವಾಂಟ್." ಆ ದನಿ ಕೇಳಿ, ಈ ಸಲ ಹೇಗಾದರೂ ಇವರಿಗೆ ಮಗಳ ಕೈಯ ಒಂದು ತುತ್ತು ತಿನ್ನಿಸಿಯೇ ತೀರಬೇಕೆಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಇವರು ಒಪ್ಪಿದರು. ಹೇಗೆ ಒಪ್ಪಿದರು ಅನ್ನುವುದು ನಿನಗೇ ಗೊತ್ತು. ಮಗಳ ಮನೆಯಲ್ಲಿ ಉಳಿಯುವುದಿಲ್ಲ, ಪಕ್ಕದಲ್ಲೇ ಎಲ್ಲಾದರೂ ರೂಮು ಮಾಡೋಣ ಎಂದರು. ಆಮೇಲಿನ ಸಂಭ್ರಮವನ್ನು ನೀನು ನೋಡಬೇಕಿತ್ತು. ಮದುವೆಯಾದಾಗಿನಿಂದ ನಮ್ಮ ರಜೆಯೆಂದರೆ ಮೈಸೂರು, ಮೈಸೂರೆಂದರೆ ಯಾರದಾದರೂ ಮನೆಯ ನಡುಮನೆ. ಹೋಟೆಲನ್ನು ಆರಿಸುವ ಸುಖ ನಮಗೆ ಗೊತ್ತೇ ಇರಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ದಿನಾ ಸಂಜೆ ಅದೇ ಕೆಲಸ. ಪೂರ್ವಿಯ ವಿಕ್ಟೋರಿಯಾ ಪಾರ್ಕಿಗೆ ಹತ್ತು ನಿಮಿಷದಲ್ಲಿ, ನದಿಯ ದಡದಲ್ಲಿ ಆ ಕ್ಯಾಸಿನೊ ರೆಸಾರ್ಟ್ ಸಿಕ್ಕಿತು. ಅದರೊಳಗೇ ಎರಡು ಹೋಟೆಲು. ಒಂದರಲ್ಲಿ ಲಿಫ್ಟಿನಿಂದ ಇಳಿದರೆ ನೇರ ಜೂಜಿನ ಅಂಗಳ. ಇನ್ನೊಂದು ಹಿಂದುಗಡೆ, ತೋಟದ ಕಡೆಗೆ, ಮೌನವಾಗಿ. ನಿನ್ನನ್ನು ಕೇಳಿದಾಗ ನೀನು ಮಹಾ ಅನುಭವಿಯ ಹಾಗೆ, "ತೋಟದ ಕಡೆ ತಗೊಳ್ರಿ, ಮೇಲಿನ ಮಾಳಿಗೆ ಕೇಳಿ. ತಿಂಡಿ ಸೇರಿಸಿ ಬುಕ್ ಮಾಡ್ಬೇಡಿ, ನಮ್ಮಂಥ ಪುಳಿಚಾರಿಗೆ ಬ್ರೆಡ್ಡು ಬೆಣ್ಣೆ ಬಿಟ್ರೆ ಇನ್ನೇನೂ ದಕ್ಕಲ್ಲ. ಬಫೆಗೆ ಮಧ್ಯಾಹ್ನ ಹೋಗಿ, ರಾತ್ರಿ ಬರೀ ಸಮುದ್ರದ ಪ್ರಾಣಿಗಳೇ ಇರ್ತವೆ" ಎಂದೆ. ಕೊನೆಗೆ, "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಡಾಕ್ಟರ್ ಭಾವಂಗೆ ಹೇಳು. ಮಗಳ ಮನೆ ಅನ್ನ ಆಗಲ್ವಂತೆ, ಜೂಜುಕಟ್ಟೆ ಅನ್ನ ಆಗುತ್ತಂತೆ!" ಎಂದು ಚುಚ್ಚಿದೆ. ನಾನು ಹಾಗೇ ಒಪ್ಪಿಸಿದೆ. ಇವರು ಬಿದ್ದುಬಿದ್ದು ನಕ್ಕು ತೋಟದ ಕಡೆಯ ರೂಮನ್ನೇ ಬುಕ್ ಮಾಡಿದರು.

ಹೋಗುವಾಗ ಹಿತ್ತಲಿನ ಕರಿಬೇವನ್ನು ಒಂದು ಹಿಡಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ಪರ್ತ್ ವಿಮಾನ ನಿಲ್ದಾಣದಲ್ಲಿ ಮೂಸುವ ನಾಯಿಯೊಂದು ಬಂದು ನನ್ನ ಚೀಲದ ಮುಂದೆ ಕೂತುಬಿಟ್ಟಿತು ಕಣೇ. ಹಸಿ ಸೊಪ್ಪು ಆ ರಾಜ್ಯಕ್ಕೆ ತರುವಂತಿಲ್ಲವಂತೆ. ಆ ಹುಡುಗಿ "ಸಾರಿ ಡಾರ್ಲಿಂಗ್" ಎನ್ನುತ್ತಲೇ ಎಲ್ಲವನ್ನೂ ತೊಟ್ಟಿಗೆ ಹಾಕಿದಳು. ಹೊರಗೆ ಕಾಯುತ್ತಿದ್ದ ಪೂರ್ವಿ ತುಂಬ ಸೊರಗಿದ್ದಳು. "ಡಯಟ್ಟಾ?" ಎಂದು ಇವರು ಕೇಳಿದರು. "ಹ್ಞೂಂ ಅಪ್ಪ, ಡಯಟ್" ಎಂದಳು.

ರೆಸಾರ್ಟೇನೋ ನೀನು ಹೇಳಿದ ಹಾಗೇ ಇತ್ತು. ಹಾಸಿಗೆ ಮೆತ್ತಗೆ, ಕಿಟಕಿಯಾಚೆ ನದಿ, ಅದರಲ್ಲಿ ಕಪ್ಪು ಹಂಸಗಳು. ಇವರು ಸ್ನಾನದ ತೊಟ್ಟಿಯಲ್ಲಿ ಮಲಗಿ ಹಾಡು ಹೇಳಿದರು. ಎಲ್ಲಿ ಊಟ ಮಾಡುವುದು ಅನ್ನುವುದೇ ದೊಡ್ಡ ಚರ್ಚೆ. ನೂಡಲ್ಸಿನವನ ಹತ್ತಿರ ಮೀನಿನ ರಸ ಹಾಕುತ್ತೀಯೋ ಎಂದು ಮೂರು ಬಗೆಯಲ್ಲಿ ಕೇಳಿದರು. ಇಟಲಿಯವರ ಹೋಟೆಲಿನ ಹೊರಗೆ ಮೆನು ಓದುತ್ತ ನಿಂತು, ಒಳಗೆ ಹೋಗದೆ ವಾಪಸು ಬಂದೆವು. ಕಡೆಗೆ ನಿನ್ನ ಬಫೆಯೇ ಗತಿ. ಒಂದು ಮೂಲೆಯಲ್ಲಿ ಬೇಳೆ, ಅನ್ನ, ಹಪ್ಪಳ ಇದ್ದವು. "ನೋಡ್ದೇನೇ, ಏನ್ ಕಮ್ಮಿ ಆಯ್ತು ನಮಗೆ?" ಎಂದು ತಟ್ಟೆ ತುಂಬಿಕೊಂಡು ಬಂದರು. ಉಪ್ಪಿಲ್ಲದ ಬೇಳೆ. ನಾನು ಹಪ್ಪಳವನ್ನಷ್ಟೇ ತಿಂದೆ.

ಮಾರನೆಯ ದಿನ ಪೂರ್ವಿಯ ಮನೆ. ಹೋಗುವ ಮುಂಚೆ ಇವರು ನನ್ನನ್ನು ಬಲವಂತವಾಗಿ ಬಫೆಗೆ ಕರೆದೊಯ್ದರು, ಅಲ್ಲಿ ಹೊಟ್ಟೆ ಹಸಿದರೆ ಮನಸ್ಸು ಜಾರುತ್ತದೆ ಅಂತ. ಬಾಗಿಲು ತೆರೆದಾಗಲೇ ಹುಳಿಯ ಘಮ ಬಂತು ಮೈಥಿಲಿ. ಆ ಹುಡುಗಿ ಎಲ್ಲಿಂದಲೋ ಬಾಳೆಲೆ ಹುಡುಕಿ ತಂದು ನಾಲ್ಕು ಹಾಸಿದ್ದಳು. ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಆಂಬೊಡೆ, ಹೆಸರುಬೇಳೆ ಪಾಯಸ. ಕುಕ್ಕರು ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದವಳು! ಇವರು ಸೋಫಾದಿಂದ ಏಳಲಿಲ್ಲ. "ಈಗ ತಾನೇ ಆಯ್ತು ಮರಿ. ನಿನಗೆ ಗೊತ್ತಲ್ಲ, ಮೊದಲು ನನ್ನ ಪುಟಾಣಿ ಬರಲಿ" ಎಂದರು. ಅಭಿನವ ಎಂದೂ ಎದುರಾಡದ ಹುಡುಗ. ಅವತ್ತು, "ಮಾವ, ಇವತ್ತೊಂದಿನ ಬಿಟ್ಬಿಡಿ. ಅವಳಿಗೋಸ್ಕರ" ಎಂದ. "ಶಾಸ್ತ್ರ ಅಂದ್ಮೇಲೆ ಶಾಸ್ತ್ರ ಕಣಪ್ಪ" ಎಂದು ಇವರು ಅವನ ಬೆನ್ನು ತಟ್ಟಿದರು.

ಪೂರ್ವಿ ಸೌಟು ಹಿಡಿದು ನಿಂತಿದ್ದಳು. "ಆ ಕ್ಯಾಸಿನೊದಲ್ಲಿ ಅಡಿಗೆ ಮಾಡೋನು ಯಾರು, ಎಂಥೋನು ಅಂತ ಕೇಳಿದ್ರಾ ಅಪ್ಪ? ಅವನು ಮಾಡಿದ್ದು ತಿಂತೀರಿ. ನಾನ್ ಮಾಡಿದ್ದು ಯಾಕಾಗಲ್ಲ?"

ಇವರು ನಕ್ಕರು. ನಾನಾದರೂ ಎದ್ದು ಎಲೆಯ ಮುಂದೆ ಕೂರಬೇಕಿತ್ತು. ಕೂರಲಿಲ್ಲ. ಇವರು ತಿನ್ನದೆ ನಾನು ತಿಂದು ಅಭ್ಯಾಸವಿಲ್ಲ. ಗಂಡ ಹೆಂಡತಿ ಇಬ್ಬರೇ ಉಂಡರು, ನಾವು ಎದುರಿಗೆ ಕೂತು ಪರ್ತಿನ ಮಳೆಯ ಬಗ್ಗೆ ಮಾತಾಡಿದೆವು. ಉಳಿದ ಎರಡು ಎಲೆಯನ್ನು ಅವಳು ಹಾಗೇ ಮಡಿಸಿ ಒಳಗೆ ತೆಗೆದುಕೊಂಡು ಹೋದಳು.

ಕಡೆಯ ಸಂಜೆ ಅವರಿಬ್ಬರನ್ನೂ ರೆಸಾರ್ಟಿಗೇ ಊಟಕ್ಕೆ ಕರೆದೆವು. ಮಗಳ ಮನೆಯಲ್ಲಿ ತಾನೇ ತಿನ್ನಬಾರದು, ಮಗಳಿಗೆ ತಿನ್ನಿಸಬಾರದೆಂದು ಎಲ್ಲೂ ಇಲ್ಲವಲ್ಲ ಎಂದು ಇವರ ವಾದ. ನದಿ ಕಾಣುವ ಮೇಜು ಹಿಡಿದು, ಏನೇನೋ ತರಿಸಿ, ಎಲ್ಲವನ್ನೂ ಮಗಳ ತಟ್ಟೆಗೇ ಬಡಿಸಿದರು. ಅವಳು ಕೆದಕುತ್ತ ಕೂತಿದ್ದಳು. ಇವರಿಗೆ ಪ್ರೀತಿ ಉಕ್ಕಿ, ಅವಳ ತಲೆಯ ಮೇಲೆ ಕೈಯಿಟ್ಟು, "ಮುಂದಿನ ವರ್ಷ ತೊಟ್ಟಿಲು ಹೊತ್ಕೊಂಡೇ ಬರ್ತೀನಿ, ಆಯ್ತಾ?" ಎಂದರು. ಅವಳು ಕುರ್ಚಿ ಸರಿಸಿ ಎದ್ದು ಹೋದಳು. ನಾನು ಹಿಂದೆಯೇ ಹೋದೆ. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಮುಖ ತೊಳೆದುಕೊಂಡು ಬಂದು ಕೂತೆವು. ಇವರು ಐಸ್‌ಕ್ರೀಮ್ ತರಿಸಿದ್ದರು.

ಇನ್ನೇನು ಬರೆಯಲಿ? ಊರಿಗೆ ಬಂದ ಮೇಲೆ ಇವರು ಎಲ್ಲರಿಗೂ ರೆಸಾರ್ಟಿನ ಗುಣಗಾನ ಮಾಡುತ್ತಿದ್ದಾರೆ. ಪಕ್ಕದ ಬಡಾವಣೆ ಎಯ್ಟ್ ಮೈಲ್ ಪ್ಲೇನ್ಸಿನ ವಸಂತಕುಮಾರ ದಂಪತಿಗೂ ಶಿಫಾರಸು ಮಾಡಿದ್ದಾಯಿತು. ನಿನ್ನ ಮಂಡಿಗೆ ಇವರು ಹೇಳಿದ ವ್ಯಾಯಾಮ ಬಿಡಬೇಡ. ನಿನ್ನ ಮಗರಾಯ ಸಂದೀಪನ ಪರೀಕ್ಷೆ ಚೆನ್ನಾಗಿ ಆಗಲಿ, ಅವನಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮನೆ ತುಂಬಿರಲಿ, ಒಲೆ ಆರದಿರಲಿ, ಬಂದವರು ಹಸಿದು ಹೋಗದಿರಲಿ.

ನಿನ್ನ
ಅಹಲ್ಯಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಹೇಳಬೇಕಾದದ್ದನ್ನೇ ಬಿಟ್ಟು ಊರ ಸುದ್ದಿಯೆಲ್ಲ ಬರೆದೆನಲ್ಲ.

ಅವತ್ತು ಆ ಹೋಟೆಲಿನ ಕೈತೊಳೆಯುವ ಕೋಣೆಯಲ್ಲಿ ಪೂರ್ವಿ ಗೋಡೆಗೊರಗಿ ನಿಂತು ಹೇಳಿದಳು. "ಅಪ್ಪ ನಮ್ಮನೇಲಿ ಊಟ ಮಾಡ್ಬೋದಿತ್ತು ಅಮ್ಮ. ಮಗು ಹುಟ್ಟಿದೆ." ನನಗೆ ಅರ್ಥವಾಗಲಿಲ್ಲ. ಮಾರ್ಚಿನಲ್ಲಂತೆ. ಆರು ತಿಂಗಳು ತುಂಬಿತ್ತಂತೆ. ಹೆಣ್ಣು. ಹುಟ್ಟುವಾಗಲೇ ಉಸಿರಿರಲಿಲ್ಲ. ಅದಕ್ಕೂ ಮುಂಚೆ ಎರಡು ಸಲ ಮೊದಲ ತಿಂಗಳುಗಳಲ್ಲೇ ಹೋಗಿತ್ತಂತೆ. ಅದಕ್ಕೇ ಈ ಸಲ ಸೀಮಂತದ ಹೊತ್ತಿಗೆ ಹೇಳಿದರಾಯಿತೆಂದು ಸುಮ್ಮನಿದ್ದರಂತೆ. ಯುಗಾದಿಗೆ ಆಫೀಸಿನ ಕೆಲಸವೆಂದು ಬರಲಿಲ್ಲವಲ್ಲ, ಅದು ಇದಾದ ಮೇಲೆ. ಒಂದು ದಿನವೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳಂತೆ. ಹೆಸರೂ ಇಟ್ಟಿದ್ದಾರೆ, ಪ್ರಣತಿ ಅಂತ. ನೀವು ಬಂದು ಉಂಡು ಹೋಗಿದ್ದರೆ ಅವಳಿಗೂ ತಾತ ಅಜ್ಜಿ ಇದ್ದ ಹಾಗಾಗುತ್ತಿತ್ತು, ಅಷ್ಟೇ ಬೇಕಿತ್ತು ಎಂದಳು.

"ಮೊದಲೇ ಹೇಳ್ಬಾರ್ದಿತ್ತಾ ಪುಟ್ಟ? ಹೇಳಿದ್ರೆ ಅಪ್ಪ ಓಡಿ ಬಂದು ಕೂತ್ಕೊಳ್ತಿದ್ರು" ಎಂದೆ. "ಅದಕ್ಕೇ ಹೇಳ್ಲಿಲ್ಲ. ಕನಿಕರಕ್ಕೆ ಊಟ ಮಾಡೋದು ಬೇಡ. ನೀನೂ ಹೇಳ್ಬೇಡ" ಎಂದು ನನ್ನ ಕೈಮೇಲೆ ಆಣೆ ಹಾಕಿಸಿಕೊಂಡಳು. ಹಾಗಾಗಿ ಇವರಿಗೆ ಇವತ್ತಿಗೂ ಗೊತ್ತಿಲ್ಲ ಮೈಥಿಲಿ. ಇವರು ತಾತನಾಗಿ ಐದು ತಿಂಗಳಾಯಿತು.

ಹೊರಡುವ ದಿನ ಬೆಳಿಗ್ಗೆ ಇವರು ಬಫೆಗೆ ಇಳಿದಾಗ ತಲೆನೋವೆಂದು ಹೇಳಿ ನಾನು ಉಳಿದುಕೊಂಡೆ. ಟ್ಯಾಕ್ಸಿ ಹಿಡಿದು ಒಬ್ಬಳೇ ವಿಕ್ಟೋರಿಯಾ ಪಾರ್ಕಿಗೆ ಹೋದೆ. ಬಾಗಿಲು ತೆಗೆದ ಪೂರ್ವಿಗೆ, "ಊಟ ಹಾಕು" ಎಂದೆ. ಹಿಂದಿನ ದಿನದ ಹುಳಿ ಬಿಸಿ ಮಾಡಿ, ಬಿಸಿ ಅನ್ನ ಬಡಿಸಿದಳು. ಅಭಿನವ ಅಡಿಗೆಮನೆಯ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತ. ನಾನು ಕಲಸಿ ಮೊದಲ ತುತ್ತು ಎತ್ತಿದೆ. ನನ್ನ ಕೈ ಬಾಯಿಗೆ ಹೋಗುವುದನ್ನೇ ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಆಮೇಲೆ ಬಟ್ಟಲು ತಂದು ಪಕ್ಕದಲ್ಲಿ ಕೂತು ಕೇಳಿದಳು:

"ತುಪ್ಪ ಹಾಕ್ಲಾ, ಅಜ್ಜಿ?"