ಬಾಯಿಗೆ ಅಡ್ಡ ಹಿಡಿದ ಕೈ

ಬಾಗಲಗುಂಟೆ,
14-8-2011, ಭಾನುವಾರ

ಪ್ರೀತಿಯ ಗಂಗಾ,

ಮೊದಲು ‘ಚಿ. ಸೌ. ಶಿವಗಂಗಾಳಿಗೆ ಹಣಮಂತ ಮಾಡುವ ಆಶೀರ್ವಾದಗಳು’ ಎಂದೇ ಶುರು ಮಾಡಿದ್ದೆ. ಆಮೇಲೆ ಆ ಹಾಳೆ ಹರಿದು ಹಾಕಿದೆ. ಆಶೀರ್ವಾದ ಮಾಡುವಷ್ಟು ದೊಡ್ಡ ಮನುಷ್ಯನಾಗಿ ನಾನು ಈಗ ಉಳಿದಿಲ್ಲ. ಯಾಕೆ ಅಂತ ಮುಂದೆ ಬರೆಯುತ್ತೇನೆ. ಗಾಬರಿಯಾಗಬೇಡ, ಶಾಂಭವಿ ಗಟ್ಟಿಮುಟ್ಟಾಗಿದ್ದಾಳೆ. ಈಗ ತಾನೇ ಉಂಡು ನಮ್ಮವ್ವನ ಮಗ್ಗುಲಲ್ಲಿ ಮಲಗಿದಳು. ನಾನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಿಗೆ ಕೂತು ಬರೆಯುತ್ತಿದ್ದೇನೆ.

ಕೈಯಲ್ಲಿ ಫೋನಿದ್ದೂ ಇವನು ಕಾಗದ ಯಾಕೆ ಬರೆದ ಅಂದುಕೊಳ್ಳುತ್ತೀ. ನಿಮ್ಮಪ್ಪ ಸ್ಪೀಕರ್ ಹಾಕದೆ ಫೋನ್ ಎತ್ತಿದ್ದನ್ನು ನಾನು ಕಂಡಿಲ್ಲ. ನಾನು ‘ಉಂಡೆಯಾ’ ಅಂತ ಕೇಳಿದರೆ ನೀನು ಬಾಯಿ ತೆರೆಯುವ ಮೊದಲೇ ನಿಮ್ಮ ಓಣಿಯವರು ‘ಉಂಡಾಳ್ರೀ’ ಅನ್ನುತ್ತಾರೆ. ಇದು ಓಣಿಗೆ ಹೇಳುವ ಮಾತಲ್ಲ. ನಿಮ್ಮೂರಿನ ಚನ್ನವೀರಪ್ಪ ಕಾಕಾ ನಾಳೆಯ ರಜೆಗೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಒಬ್ಬಳೇ ಕೂತು ಓದು. ಬೈಯುವುದಿದ್ದರೆ ಮನಸಾರೆ ಬೈದುಕೋ, ಆದರೆ ಎದ್ದು ಓಡಾಡಬೇಡ.

ಜೂನಿನಲ್ಲಿ ನಿನಗೆ ರಕ್ತ ಕಂಡಾಗ ಡಾಕ್ಟರಮ್ಮ ಹೆರಿಗೆಯವರೆಗೆ ಮಲಗಿಯೇ ಇರಬೇಕು, ಮಗುವನ್ನೂ ಎತ್ತಬಾರದು ಅಂದರು. ಇಲ್ಲಿ ಮೂರನೇ ಮಹಡಿಗೆ ನೀರು ಹೊರಬೇಕು, ಅಲ್ಲಿ ನಿಮ್ಮವ್ವ ನೋಡಿಕೊಳ್ಳುತ್ತಾಳೆ ಅಂತ ನಿಮ್ಮಣ್ಣ ಕಾರು ತಂದ. ಶಾಂಭವಿ ಹತ್ತಿರವಿದ್ದರೆ ನೀನು ಎತ್ತಿಕೊಳ್ಳದೆ ಬಿಡುವವಳಲ್ಲ ಅಂತ ಅವಳನ್ನು ಇಲ್ಲೇ ಇಟ್ಟುಕೊಂಡು, ನಮ್ಮವ್ವನನ್ನು ಊರಿಂದ ಕರೆಸಿದೆವು. ಕಾರು ಹೊರಡುವಾಗ ನೀನು ಕೇಳಿದ್ದು ಒಂದೇ. ‘ಅಕಿ ಏನ್ ಹೊಸಾದು ಮಾಡಿದ್ರೂ ಒಂದೂ ಬಿಡದಂಗ ನನಗ ಹೇಳ್ಬೇಕ್ರೀ. ನಾ ಇಲ್ಲಿಂದನ ನೋಡ್ತೀನಿ’ ಅಂದಿದ್ದೆ. ನಾನು ತಲೆಯಾಡಿಸಿದ್ದೆ.

ಮಾತು ಉಳಿಸಿಕೊಂಡಲ್ಲೆಲ್ಲ ಚೆನ್ನಾಗಿಯೇ ಉಳಿಸಿಕೊಂಡಿದ್ದೇನೆ. ಈ ಟ್ಯಾಂಕು ಹಿಡಿದುಕೊಂಡೇ ಅವಳು ನಡೆಯಲು ಕಲಿತದ್ದು ನಿನಗೆ ಗೊತ್ತು. ಟ್ಯಾಂಕು ಬಿಟ್ಟು ಒಣಗಲು ಹಾಕಿದ ನಿನ್ನ ಹಳದಿ ಸೀರೆಯ ಕಡೆಗೆ ಹೆಜ್ಜೆ ಹಾಕಿ, ಸೆರಗು ಹಿಡಿದು, ಸೀರೆಯ ಸಮೇತ ಕೆಳಗೆ ಕೂತದ್ದನ್ನೂ ಹೇಳಿದ್ದೇನೆ. ಪೀಪೀ ಅನ್ನುವ ಬೂಟು ತಂದು ತಪ್ಪು ಮಾಡಿದೆ. ಅದನ್ನು ಹಾಕಿಕೊಂಡು ಅವಳು ಬೆಳಗಿನ ಜಾವಕ್ಕೇ ಗಸ್ತು ಹೊಡೆಯುತ್ತಾಳೆ. ಕೆಳಮನೆಯ ಓನರಮ್ಮ ಅಂಜಿನಮ್ಮ, ನಿನ್ನ ಮಗಳು ನಮ್ಮ ತಲೆ ಮೇಲೆ ಟ್ರಾಫಿಕ್ ಪೊಲೀಸ್ ಕೆಲಸ ಮಾಡುತ್ತಿದ್ದಾಳೆ ಅಂತ ದೂರಿದರು. ದೂರಿದವರೇ ಸಂಜೆ ಬಂದು ಎತ್ತಿಕೊಂಡು ಹೋಗುತ್ತಾರೆ.

ಹೇಳದೇ ಬಿಟ್ಟ ಸಣ್ಣಪುಟ್ಟವೂ ಇವೆ. ಕುಕ್ಕರ್ ಕೂಗಿದರೆ ಈಗ ಅಳುವುದಿಲ್ಲ, ತಿರುಗಿ ಅದಕ್ಕೇ ಕೂಗುತ್ತಾಳೆ. ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ, ಹಾಲು ಚೀಪಿ, ರೊಟ್ಟಿಯನ್ನು ನನ್ನ ಬಾಯಿಗೆ ತುರುಕುತ್ತಾಳೆ. ಶೆಡ್ಡಿನ ಕೆಲಸದಿಂದ ಬಂದ ಮೇಲೆ ನನ್ನ ಕಿವಿಯ ಸಂದಿಯಲ್ಲಿ ಪೌಡರ್ ಕೋಟಿಂಗಿನ ಬಣ್ಣದ ಪುಡಿ ಉಳಿದಿರುತ್ತದಲ್ಲ, ಅದನ್ನು ಬೆರಳಿನಿಂದ ತೆಗೆದು ಇವತ್ತು ಯಾವ ಬಣ್ಣ ಅಂತ ನೋಡುತ್ತಾಳೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಇನ್ನು ಮುಚ್ಚಿಟ್ಟದ್ದನ್ನು ಬರೆಯುತ್ತೇನೆ.

ಶಾಂಭವಿ ಮೊದಲು ಆಡಿದ ಮಾತು ‘ಅಪ್ಪ’ ಅಂತ ನಾನು ಫೋನಿನಲ್ಲಿ ಹೇಳಿದ್ದೆ. ಅದು ಸುಳ್ಳು. ಅವಳು ಮೊದಲು ಅಂದದ್ದು ‘ಅವ್ವ’. ಅದೂ ಸುಮ್ಮನೆ ತೊದಲಿದ್ದಲ್ಲ. ಅದೇ ಹಳದಿ ಸೀರೆಯನ್ನು ಮಡಚಿ ಮೂಲೆಯಲ್ಲಿಟ್ಟಿದ್ದೆ. ಅದರ ಮೇಲೆ ಹೋಗಿ ಮಲಗಿ, ಮುಖ ಒತ್ತಿಕೊಂಡು, ಸ್ಪಷ್ಟವಾಗಿ ‘ಅವ್ವಾ’ ಅಂದಳು. ನಾನು ಖುಷಿಗೆ ಜೇಬಿನಿಂದ ಫೋನ್ ತೆಗೆದೆ. ನಿನ್ನ ನಂಬರು ಒತ್ತುವಷ್ಟರಲ್ಲಿ ನಮ್ಮವ್ವ ಬಂದು ನನ್ನ ಮುಂಗೈ ಹಿಡಿದಳು.

ನಮ್ಮ ಕಡೆಯ ನಂಬಿಕೆ ನಿನಗೂ ಗೊತ್ತಿದೆ. ಕೂಸು ಮೊದಲು ‘ಅಪ್ಪ’ ಅಂದರೆ ಅದರ ಬೆನ್ನ ಹಿಂದೆ ಬರುವುದು ಗಂಡು, ‘ಅವ್ವ’ ಅಂದರೆ ಹೆಣ್ಣು. ಮೂರನೆಯವರ ಕಿವಿಗೆ ಬಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಅಲ್ಲಿಯವರೆಗೆ ಆಡಿದಂತಲ್ಲ ಅಂತ ನಮ್ಮವ್ವ ಹೇಳಿದಳು. ಈಗಲೇ ತಿದ್ದಿದರೆ ತಪ್ಪಿಲ್ಲ ಅಂದಳು. ನಾನು ಐ.ಟಿ.ಐ. ಓದಿದವನು. ನಿನ್ನ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದೋ ತೀರ್ಮಾನವಾಗಿದೆ, ಬಾಗಲಗುಂಟೆಯಲ್ಲಿ ಒಂದು ಕೂಸು ಏನಂದರೂ ಅದು ಬದಲಾಗುವುದಿಲ್ಲ ಅಂತ ನನಗೆ ಗೊತ್ತು. ಗೊತ್ತಿದ್ದೂ ಫೋನನ್ನು ಜೇಬಿಗೆ ಹಾಕಿಕೊಂಡೆ.

ಅವ್ವನ ಮಾತು ಮೀರಲಾಗಲಿಲ್ಲ ಅಂತ ಬರೆದರೆ ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿದಂತಾಗುತ್ತದೆ. ನನಗೂ ಆಸೆಯಿತ್ತು, ಗಂಗಾ. ನಿನ್ನ ಮುಂದೆ ಯಾವುದಾದರೇನು ಅನ್ನುತ್ತಿದ್ದೆ, ಒಳಗೆ ಗಂಡೇ ಆಗಲಿ ಅಂತ ಇತ್ತು. ನೀನು ನನ್ನ ಮಾತು ನಂಬಿ ಎಲ್ಲರ ಮುಂದೆ ‘ನಮ್ಮನಿಯವರು ಹಂಗಲ್ಲ’ ಅಂತ ಹೊಗಳುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಈಗ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಆ ದಿನದಿಂದ ಪಾಠ ಶುರುವಾಯಿತು. ಕೂಸು ‘ಅವ್ವ’ ಅಂದಾಗಲೆಲ್ಲ ನಮ್ಮವ್ವ ಅದರ ಬಾಯಿಯ ಮೇಲೆ ಕೈಯಿಟ್ಟು, ಉಹೂಂ, ಅಪ್ಪ ಅನ್ನು ಅಂತ ಹೇಳಿಕೊಡುತ್ತಿದ್ದಳು. ‘ಅಪ್ಪ’ ಅಂದರೆ ಬೆಲ್ಲದ ಚೂರು. ಗದರಿಸಿದ್ದಿಲ್ಲ, ಹೊಡೆದದ್ದಂತೂ ಇಲ್ಲವೇ ಇಲ್ಲ. ಮುದ್ದು ಮಾಡುತ್ತಲೇ ಬಾಯಿ ಮುಚ್ಚಿದಳು. ಒಂದು ಸಲ ನಾನೂ ಮುಚ್ಚಿದೆ. ಬೆಲ್ಲದ ಆಸೆಗೆ ಕೂಸು ಬೇಗ ಕಲಿಯಿತು. ಅಂಜಿನಮ್ಮನ ಎದುರಿಗೆ ‘ಅಪ್ಪ’ ಅನ್ನಿಸಿ, ನಮ್ಮವ್ವ ಬಿಲ್ಡಿಂಗಿನವರಿಗೆಲ್ಲ ಸಕ್ಕರೆ ಹಂಚಿದಳು. ಪಕ್ಕದ ರೂಮಿಗೆ ಹೊಸದಾಗಿ ಬಂದ ಮುರಿಗೆಪ್ಪ ಎರಡು ಸಲ ಈಸಿಕೊಂಡು ತಿಂದ. ನಾನು ನಿನಗೆ ಫೋನ್ ಮಾಡಿದೆ. ನೀನು ನಕ್ಕು, ಇರಲಿ ಬಿಡ್ರೀ, ಹಗಲೂ ರಾತ್ರಿ ಕಣ್ಣ ಮುಂದೆ ಇರುವವರು ನೀವೇ ಅಲ್ಲವೇ ಅಂದೆ. ಆ ನಗು ನನಗೆ ಇನ್ನೂ ಕೇಳಿಸುತ್ತದೆ.

ಪಂಚಮಿಗೆ ಕೂಸನ್ನು ಕರೆದುಕೊಂಡು ಬರುತ್ತೇನೆ ಅಂದವನು ಬರಲಿಲ್ಲ. ಓವರ್‌ಟೈಮ್ ಬಿತ್ತು ಅಂದೆ. ಓವರ್‌ಟೈಮ್ ಇರಲಿಲ್ಲ, ಶೆಡ್ಡಿಗೆ ಆ ದಿನ ಕರೆಂಟೇ ಇರಲಿಲ್ಲ. ಅಲ್ಲಿ ನಿನ್ನ ಮುಖ ಕಂಡೊಡನೆ ಅವಳು ‘ಅವ್ವ’ ಅಂದುಬಿಟ್ಟರೆ ನನ್ನ ಸುಳ್ಳು ಹೊರಬೀಳುತ್ತದೆ ಅಂತ ಹೆದರಿದೆ. ನೀನು ಜೋಕಾಲಿ ಕಟ್ಟಿಸಿಟ್ಟಿದ್ದೆ, ಉಂಡಿ ಮಾಡಿಸಿಟ್ಟಿದ್ದೆ ಅಂತ ನಿಮ್ಮಣ್ಣ ಆಮೇಲೆ ಹೇಳಿದ. ಉಂಡಿ ಡಬ್ಬಿಯಲ್ಲೇ ಮೆತ್ತಗಾದವಂತೆ.

ಇವತ್ತು ಬೆಳಿಗ್ಗೆ ಅಂಜಿನಮ್ಮ ಶಾಂಭವಿಯನ್ನು ಕಂಕುಳಲ್ಲಿಟ್ಟುಕೊಂಡು ಮೇಲೆ ಬಂದರು. ಅವರ ಸೊಸೆ ಹಳದಿ ಸೀರೆ ಉಟ್ಟು ಬಾಗಿಲಿಗೆ ನೀರು ಹಾಕುತ್ತಿದ್ದಳಂತೆ. ಅವಳನ್ನು ಕಂಡು ಕೂಸು ‘ಅವ್ವ’ ಅಂದಿತಂತೆ. ಅಂದ ಕೂಡಲೇ ತನ್ನ ಬಾಯಿಗೆ ತಾನೇ ಅಂಗೈ ಅಡ್ಡ ಹಿಡಿದುಕೊಂಡಿತಂತೆ.

‘ಏನಪ್ಪಾ ಇದು, ಕೂಸು ಅವ್ವ ಅಂದ್ಬುಟ್ಟು ಬಾಯ್ ಮುಚ್ಕಂತದೆ? ಯಾರು ಕಲಿಸ್ಕೊಟ್ರು ಇಂಗೆ?’ ಅಂತ ಅಂಜಿನಮ್ಮ ಕೇಳಿದರು. ನಾನು ಆಟಕ್ಕೆ ಮಾಡುತ್ತಾಳೆ ಅಂದೆ. ಅವರು ನನ್ನನ್ನೊಮ್ಮೆ, ನಮ್ಮವ್ವನನ್ನೊಮ್ಮೆ ನೋಡಿ, ಕೂಸನ್ನು ಕೆಳಗಿಳಿಸಿ ಹೋದರು. ಬಾಡಿಗೆ ಬಾಕಿ ಉಳಿಸಿಕೊಂಡಾಗಲೂ ನಾನು ಅವರ ಮುಂದೆ ಅಷ್ಟು ತಲೆ ತಗ್ಗಿಸಿರಲಿಲ್ಲ.

ಅವರು ಹೋದ ಮೇಲೆ ನಾನು ನಿನ್ನ ಸೀರೆ ತಂದು ಶಾಂಭವಿಯ ಮುಂದಿಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ‘ಅವ್ವ’ ಅಂದಳು, ತಟ್ಟನೆ ಬಾಯಿ ಮುಚ್ಚಿಕೊಂಡಳು. ಆಮೇಲೆ ಇನ್ನೊಂದು ಕೈಯನ್ನು ಬೆಲ್ಲಕ್ಕೆ ಚಾಚಿದಳು. ಗಂಗಾ, ನಾನು ಸೀರೆ ಮಡಚುತ್ತ ಅಲ್ಲೇ ಕೂತೆ. ಅವಳು ಬಂದು ನನ್ನ ಕಿವಿಯಲ್ಲಿ ಬಣ್ಣ ಹುಡುಕಿದಳು.

ನಮ್ಮವ್ವನ ಮೇಲೆ ಹರಿಹಾಯ್ದೆ. ಹುಟ್ಟಿದಾಗಿನಿಂದ ಅವಳಿಗೆ ಹಾಗೆ ಎದುರು ಮಾತಾಡಿದವನಲ್ಲ ನಾನು. ಅವಳು ಸಿಟ್ಟು ಮಾಡಲಿಲ್ಲ. ಗೋಡೆಗೆ ಒರಗಿ ಮೆಲ್ಲಗೆ ಹೇಳಿದಳು. ‘ನಿನ್ನ ಮ್ಯಾಲೆ ನಾಕು ಹೆಣ್ಣು ಹಡದಾಕಿ ನಾನು. ನಾಕನೇದಾಗ ನಮ್ಮತ್ತಿ ಬಾಣಂತಿ ಕೋಣಿಗೆ ಹಣಿಕಿ ಸುದ್ದಾ ಹಾಕಲಿಲ್ಲ. ಆ ಹುಡುಗಿಗೆ ಹಂಗಾಗೋದು ಬ್ಯಾಡ ಅಂತ ಮಾಡಿದ್ನೋ.’

ನಾನು ಕೇಳಿದೆ, ‘ಈಗ ಅಕಿಗೆ ಅತ್ತಿ ಯಾರವ್ವ? ನೀನ ಅಲ್ಲೇನು?’

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆಮೇಲೆ ಎದ್ದು ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟು, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವ್ವ ಅನ್ನು ತಂಗಿ, ಕೈ ತಗಿ, ಅನ್ನು ಅಂತ ಗೋಗರೆದಳು. ಕೂಸು ಹೊಸ ಆಟ ಅಂದುಕೊಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಿತು. ನಮ್ಮವ್ವ ಅಳುತ್ತ ಅಳುತ್ತ ಅನ್ನ ಕಲಸಿ ಉಣ್ಣಿಸಿದಳು. ಅವಳನ್ನು ನೋಡಿ ಅಯ್ಯೋ ಅನ್ನಿಸಿತು, ಸಿಟ್ಟೂ ಇಳಿಯಲಿಲ್ಲ.

ಇನ್ನು ಮೇಲೆ ನನಗೆ ಗಂಡು ಬೇಡ, ಹೆಣ್ಣೇ ಆಗಲಿ ಅಂತ ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಆಸೆ ಒಂದೇ ದಿನದಲ್ಲಿ ಹೋಗುವಂಥದ್ದಲ್ಲ ಅಂತ ಕಾಣುತ್ತದೆ. ಆದರೆ ಹುಟ್ಟುವುದು ಹೆಣ್ಣಾದರೆ ಬಾಣಂತಿ ಕೋಣೆಗೆ ಮೊದಲು ನುಗ್ಗುವವನು ನಾನು. ಅಂಥ ಆಸೆಗೆ ಒಂದು ಹೆಣ್ಣು ಕೂಸಿನ ಬಾಯಿ ಮುಚ್ಚಿಸಿದ್ದಾಯಿತು, ಎರಡನೆಯದಕ್ಕೆ ಹಾಗಾಗಲು ಬಿಡುವುದಿಲ್ಲ. ನಂಬು ಅಂತ ಕೇಳಲು ನನಗೆ ಬಾಯಿಲ್ಲ.

ಬರುವ ಶುಕ್ರವಾರ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತುತ್ತೇವೆ. ಸೂಪರ್‌ವೈಸರ್ ಹತ್ತಿರ ಫೋನಿನಲ್ಲೇ ರಜೆ ಕೇಳಿ ಆಗಿದೆ. ನಮ್ಮವ್ವನೂ ಬರುತ್ತಾಳೆ. ಬೀಗರ ಮನೆಯ ಹೊಸ್ತಿಲು ಯಾವ ಮುಖ ಹೊತ್ತು ತುಳಿಯಲಿ ಅನ್ನುತ್ತಾಳೆ, ಆದರೂ ಬರುತ್ತೇನೆ ಅಂದಿದ್ದಾಳೆ. ಹೆರಿಗೆಯವರೆಗೆ ಕೂಸು ನಿನ್ನ ಹತ್ತಿರವೇ ಇರಲಿ. ಎತ್ತಿ ಇಳಿಸುವ ಕೆಲಸ ನಮ್ಮವ್ವನದು, ನೀನು ಮಲಗಿದ್ದಲ್ಲೇ ಕೈ ಚಾಚಿದರೆ ಸಾಕು. ಶಾಂಭವಿ ನಿನ್ನನ್ನು ನೋಡಿ ಬಾಯಿಗೆ ಕೈ ಹಿಡಿದರೆ ಎದೆ ಒಡೆದುಕೊಳ್ಳಬೇಡ, ಗದರಬೇಡ. ಮೆಲ್ಲಗೆ ಆ ಕೈ ತೆಗೆದು ಹಿಡಿದುಕೋ. ನಾವು ಯಾರು ತೆಗೆದರೂ ಅದು ಮತ್ತೆ ಅಲ್ಲಿಗೇ ಹೋಗುತ್ತಿದೆ.

ನನ್ನನ್ನು ಏನಂದರೂ ಅನ್ನಿಸಿಕೊಳ್ಳುತ್ತೇನೆ. ನಿಮ್ಮಪ್ಪನ ಮುಂದೆ, ಓಣಿಯವರ ಮುಂದೆ ಅಂದರೂ ಸರಿಯೇ. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗು, ಎಡ ಮಗ್ಗುಲಾಗಿ ಮಲಗು.

ನಿನ್ನ ಮುಂದೆ ತಲೆಯೆತ್ತಲಾಗದ,
ಹಣಮಂತ

ತಾ.ಕ.: ನಾನು ಅವಳ ಬಾಯಿ ಮುಚ್ಚಿದ್ದು ಯಾವಾಗ ಅಂತ ಮೇಲೆ ಬರೆಯಲಿಲ್ಲ. ಸಹಿ ಹಾಕಿ, ಮಡಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹೋದ ಭಾನುವಾರ ನೀನು ಫೋನಿನಲ್ಲಿ ಮಾತಾಡುತ್ತಿದ್ದಾಗ ಇಲ್ಲಿ ಒಂದು ಕೂಸು ‘ಅವ್ವಾ’ ಅಂತ ಕೂಗಿ ಅರ್ಧಕ್ಕೇ ನಿಂತುಹೋಯಿತಲ್ಲ, ಅದು ಯಾರ ಕೂಸು ಅಂತ ನೀನು ಕೇಳಿದೆ. ಪಕ್ಕದ ರೂಮಿನ ಮುರಿಗೆಪ್ಪನದು ಅಂತ ನಾನು ಹೇಳಿದೆ. ‘ಎಷ್ಟ್ ಚೆಂದ ಕರೀತೈತ್ರೀ, ಅದರವ್ವ ಪುಣ್ಯವಂತಿ’ ಅಂದಿದ್ದೆ ನೀನು. ಮುರಿಗೆಪ್ಪನಿಗೆ ಇನ್ನೂ ಮದುವೆಯಾಗಿಲ್ಲ, ಗಂಗಾ. ಶಾಂಭವಿ ನಿನ್ನ ದನಿ ಕೇಳಿ ನಿನ್ನನ್ನೇ ಕರೆದಿದ್ದಳು.